ಗುರುಗಳ ಕಕ್ಕಸಿನ ಬೀಗ

ಈ ಸಲ ಈಸ್ಟರ್ ಹಿಂದಿನ ಗರಿಗಳ ಭಾನುವಾರ ಚರ್ಚಿನ ಅಂಗಳ ದಾಟುವಾಗ ಫಿನಾಯಿಲ್ ವಾಸನೆ ಬಂತು. ಕೈಯಲ್ಲಿ ತೆಂಗಿನ ಗರಿ, ಬಾಯಲ್ಲಿ ಸ್ತುತಿಗೀತೆ, ಮೂಗಿಗೆ ಫಿನಾಯಿಲ್. ನಿಮಗೆ ನಗು ಬರಬಹುದು. ನನಗೆ ಮಾತ್ರ ಆ ವಾಸನೆಯಿಂದ ಒಬ್ಬ ಸಂತರ ನೆನಪಾಗುತ್ತದೆ.

ಸಂತರೆಂದರೆ ಪೋಪರು ಸಾರಿದವರಲ್ಲ, ನಮ್ಮ ಹಳೆಯ ಫಾದರ್. ತ್ಯಾಮಗೊಂಡ್ಲು ಕಡೆಯ ನಮ್ಮ ಪುಟ್ಟ ಊರಿನಲ್ಲಿ ಹನ್ನೊಂದು ವರ್ಷ ಇದ್ದರು. ಶನಿವಾರ ಮಧ್ಯಾಹ್ನ ಲುಂಗಿ ಎತ್ತಿ ಕಟ್ಟಿ, ಚರ್ಚಿನ ಹಿಂದಿನ ಕಕ್ಕಸನ್ನು ತಾವೇ ಮಂಡಿಯೂರಿ ಉಜ್ಜುತ್ತಿದ್ದರು. ನಾನು ಆಗಷ್ಟೇ ಚರ್ಚ್ ಸಮಿತಿಯ ಕಾರ್ಯದರ್ಶಿಯಾಗಿದ್ದವನು, ಇಸ್ತ್ರಿ ಅಂಗಿಯ ಮನುಷ್ಯ. ಮೂಗು ಮುಚ್ಚಿಕೊಂಡು ದೂರ ನಿಂತು, "ಬಿಡಿ ಫಾದರ್, ಯಾರನ್ನಾದ್ರೂ ಕರೆಸೋಣ" ಎಂದೆ.

ಅವರು ತಲೆ ಎತ್ತಲಿಲ್ಲ. "ಜನ ಪೀಠದ ಹತ್ರ ಬರೋಕೆ ಮುಂಚೆ ಇಲ್ಲಿಗೆ ಬರ್ತಾರೆ ಕಣಪ್ಪ. ಇಲ್ಲಿ ನಾರ್ತಿದ್ರೆ ಅಲ್ಲಿ ಧೂಪ ಹಾಕಿ ಏನುಪಯೋಗ? ಸುಮ್ನೆ ನಿಂತಿರೋ ಬದ್ಲು ಒಂದು ಬಕೆಟ್ ನೀರು ತಗೊಂಡ್ಬಾ."

ತಂದುಕೊಟ್ಟೆ. ಅಂಗಿ ಒದ್ದೆಯಾಯಿತೆಂದು ಮನೆಗೆ ಹೋಗಿ ಹೆಂಡತಿಯ ಮುಂದೆ ಗೊಣಗಿದೆ.

ಅವರಿಗೆ ವರ್ಗವಾಗಿ ಹೊಸ ಫಾದರ್ ಬಂದರು. ಮಾತುಗಾರರು. ನನ್ನನ್ನು "ಸೆಕ್ರೆಟರಿ ಸರ್" ಎಂದು ಕರೆದರು, ನಾನು ಕರಗಿಹೋದೆ. ಹಳೆಯ ಕಕ್ಕಸನ್ನು ಕೆಡವಿಸಿ, ಟೈಲ್ಸ್ ಹಾಕಿಸಿ ಹೊಸದು ಕಟ್ಟಿಸಿದರು. ಬಾಗಿಲ ಮೇಲೆ 'ಗುರುಗಳಿಗೆ ಮಾತ್ರ' ಎಂದು ಬರೆಸಿದರು. ಜನರಿಗೆ ಆಮೇಲೆ ಕಟ್ಟೋಣ ಎಂದರು. ಆ 'ಆಮೇಲೆ' ಇನ್ನೂ ಬಂದಿಲ್ಲ. ಬೀಗಕ್ಕೆ ಎರಡು ಕೀ. ಒಂದು ಅವರಲ್ಲಿ, ಇನ್ನೊಂದು ನನ್ನಲ್ಲಿ. ನನಗೋ, ಸ್ವರ್ಗದ ಕೀಯನ್ನೇ ಕೊಟ್ಟಷ್ಟು ಹೆಮ್ಮೆ.

ಹೋದ ವರ್ಷದ ಪವಿತ್ರ ಗುರುವಾರದ ಮಾತಿದು. ಯೇಸು ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಸಂಜೆಯ ಪೂಜೆಯಲ್ಲಿ ಫಾದರ್ ಹನ್ನೆರಡು ಜನರ ಕಾಲು ತೊಳೆಯಬೇಕು. ಆ ಹನ್ನೆರಡು ಜನ ಮನೆಯಲ್ಲೇ ಸೋಪು ಹಾಕಿ ಕಾಲು ತೊಳೆದುಕೊಂಡು ಬರಬೇಕೆಂದು ಹಿಂದಿನ ದಿನವೇ ಅಪ್ಪಣೆಯಾಗಿತ್ತು. ವಿಡಿಯೋದವನು ಮುಂದೆ ನಿಂತಿದ್ದ. ಫಾದರ್ ಮಾಡಿದ ಪ್ರಸಂಗ ಮುಕ್ಕಾಲು ಗಂಟೆ ನಡೆಯಿತು. ವಿಷಯ, ದೀನತೆ.

ಪ್ರಸಂಗ ಮುಗಿದು ಕಾಲು ತೊಳೆಯುವುದು ಶುರುವಾದಾಗ, ಪಕ್ಕದ ಬಾಗಿಲಲ್ಲಿ ನಿಂತಿದ್ದ ನನ್ನ ಹತ್ತಿರ ಆರೋಗ್ಯಮ್ಮ ಬಂದರು. ಸೋಂಪುರದ ಕಾರ್ಖಾನೆಯೊಂದರಲ್ಲಿ ಕಸ ಗುಡಿಸುವವರು. ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ. ಕೆಲಸ ಮುಗಿಸಿ ಬಸ್ಸಿಳಿದು ನೇರ ಪೂಜೆಗೆ ಬಂದಿದ್ದರು. "ತಡೆಯಕ್ಕಾಗ್ತಿಲ್ಲ ಕಣಪ್ಪ, ಆ ಕೀ ಸ್ವಲ್ಪ ಕೊಡು" ಎಂದು ಪಿಸುಗುಟ್ಟಿದರು.

"ಅದು ಫಾದರ್‌ದು ಆರೋಗ್ಯಮ್ಮ. ಯಾರಿಗೂ ಕೊಡ್ಬೇಡಿ ಅಂತ ಹೇಳವ್ರೆ. ಇನ್ನೇನು ಮುಗೀತದೆ, ಸ್ವಲ್ಪ ತಡ್ಕೊಳ್ಳಿ."

ಅವರು ಎರಡನೇ ಸಲ ಕೇಳಲಿಲ್ಲ. ಹೋಗಿ ಕೊನೆಯ ಸಾಲಿನಲ್ಲಿ ಕುಳಿತರು. ಅತ್ತ ಫಾದರ್ ಹನ್ನೆರಡನೆಯವನ ಪಾದಕ್ಕೆ ಮುತ್ತಿಡುತ್ತಿದ್ದರು, ಇತ್ತ ಆರೋಗ್ಯಮ್ಮ ಕುಳಿತಲ್ಲಿಂದ ನೆಲದ ಮೇಲೆ ಒದ್ದೆ ಹರಿಯಿತು. ಪಕ್ಕದ ಹೆಂಗಸರು ಸೀರೆ ಎತ್ತಿಕೊಂಡು ಸರಿದರು. ಆರೋಗ್ಯಮ್ಮ ತಮ್ಮ ಸೆರಗಿನಲ್ಲೇ ನೆಲ ಒರೆಸಿ, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಪೂಜೆ ಮುಗಿದ ಮೇಲೆ ಫಾದರ್ ಬಂದು ಆ ಜಾಗಕ್ಕೆ ತೀರ್ಥ ಚಿಮುಕಿಸಿದರು. "ಪವಿತ್ರ ಸ್ಥಳ ಅಲ್ವಾ ಸರ್" ಎಂದರು. ತೀರ್ಥದ ಪಾತ್ರೆ ಹಿಡಿದು ನಿಂತಿದ್ದವನು ನಾನೇ.

ಪವಿತ್ರ. ಆ ಪದ ಕಿವಿಗೆ ಬಿದ್ದರೆ ಈಗಲೂ ಮೈ ಉರಿಯುತ್ತದೆ. ದುಡಿದು ದಣಿದು ದೇವರ ಹತ್ತಿರ ಬಂದ ಮುದುಕಿಯ ಮಾನ ಕಳೆದು, ಆಮೇಲೆ ಶುದ್ಧಿ ಮಾಡಿದ್ದು ನೆಲವನ್ನು. ಕ್ಯಾಮೆರಾದ ಮುಂದೆ ಮಂಡಿಯೂರಿದರೆ ದೀನತೆ ಬಂದುಬಿಡುತ್ತದೆಯೇ? ಕಕ್ಕಸಿಗೂ ಮೇಲುಕೀಳು ಮಾಡುವವರು ಯಾವ ಬಾಯಲ್ಲಿ ಯೇಸುವಿನ ಹೆಸರು ಹೇಳುತ್ತಾರೆ? ಅದನ್ನು ಕೇಳಿ ತಲೆದೂಗುವ ನಾವಾದರೂ ಎಂಥವರು?

ಮರುದಿನ ಕೇಳಿಯೇಬಿಡುತ್ತೇನೆಂದು ಫಾದರ್ ಮನೆಗೆ ಹೋದೆ. "ಎಲ್ರಿಗೂ ಬಿಟ್ರೆ ಗಲೀಜು ಮಾಡ್ತಾರೆ ಸರ್. ಗುರುಗಳಿಗೂ ಒಂದು ಮರ್ಯಾದೆ ಬೇಡ್ವಾ?" ಎಂದರು. "ಸರಿ ಫಾದರ್" ಎಂದು ವಾಪಸು ಬಂದ ವೀರ ನಾನು. ಆರೋಗ್ಯಮ್ಮ ಮತ್ತೆ ಚರ್ಚಿಗೆ ಬರಲಿಲ್ಲ. ನಾನು ಒಂದು ವರ್ಷ ಅವರ ಬೀದಿ ತಪ್ಪಿಸಿ, ಸುತ್ತು ಹಾಕಿಕೊಂಡು ಓಡಾಡಿದೆ.

ಈ ಭಾನುವಾರ ಪೂಜೆಯ ಕೊನೆಗೆ ಫಾದರ್ ಬರುವ ಗುರುವಾರ ಕಾಲು ತೊಳೆಸಿಕೊಳ್ಳುವವರ ಪಟ್ಟಿ ಓದಿದರು. ಮೊದಲ ಹೆಸರು ನನ್ನದು. ಎದ್ದು ನಿಂತೆ.

"ನನ್ನ ಕಾಲು ಬೇಡ ಫಾದರ್. ಆರೋಗ್ಯಮ್ಮನ ಮನೆಗೆ ಹೋಗಿ ತಪ್ಪಾಯ್ತು ಅಂತ ಕೇಳೋಣ. ನೀವೂ, ನಾನೂ."

ಫಾದರ್ ಪಟ್ಟಿ ಮಡಿಸಿದರು. "ಅದು ಮುಗಿದುಹೋದ ವಿಷಯ. ಕೂತ್ಕೊಳ್ಳಿ" ಎಂದರು.

ಕೂರಲಿಲ್ಲ. ಒಬ್ಬನೇ ಹೋದೆ. ಆರೋಗ್ಯಮ್ಮ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಫಾದರ್ ಹೀಗಂದರು, ಹಾಗಂದರು ಎಂದು ಒಂದೇ ಸಮನೆ ಬಯ್ದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಬೀಗ ಅವರ್ದು ಕಣಪ್ಪ, ಇಲ್ಲ ಅನ್ನಲ್ಲ. ಕೀ ನಿನ್ ಜೇಬಲ್ಲಿತ್ತಲ್ಲ."

"ತಪ್ಪಾಯ್ತು ಆರೋಗ್ಯಮ್ಮ" ಎಂದೆ. ಅವರು ಆಯಿತು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಬೀಜ ಬಿಡಿಸುತ್ತಲೇ ಇದ್ದರು.

ಇವತ್ತು ಬುಧವಾರ. ಫಾದರ್ ಮೇಲಿನ ಸಿಟ್ಟು ಒಂದು ಚೂರೂ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಅವರನ್ನು ಬಯ್ಯಲು ಬಾಯಿ ತೆರೆದರೆ, ಈಗ ಮೊದಲು ನನ್ನನ್ನೇ ಬಯ್ದುಕೊಂಡು ಮುಂದೆ ಹೋಗಬೇಕಾಗಿದೆ.