ಕುಂಕುಮ ಇಲ್ಲದ ಕಡೆ

ಚಿಂತಾಮಣಿಯಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದಾಗ ಮೂರು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ, ಮೂವರು ದಡ್ಡರ ಜೊತೆ ಕೂತು ಇಂಗ್ಲಿಷ್ ಹಾಡು ಕೇಳಿದ್ದೇನೆ. ದಡ್ಡರು ಅನ್ನುವುದು ಮರ್ಯಾದೆ ಕೊಟ್ಟು ಹೇಳಿದ ಮಾತು. ಒಬ್ಬರು ನಾವು ಸೇರುತ್ತಿದ್ದ ಮನೆಯ ಯಜಮಾನರಾದ ಲಾಯರು, ಇನ್ನೊಬ್ಬರು ದನದ ಡಾಕ್ಟರು, ಮೂರನೆಯವರು ಶಿಡ್ಲಘಟ್ಟದಿಂದ ಮೊದಲ ಬಸ್ಸಿಗೆ ಬರುತ್ತಿದ್ದ ರೇಷ್ಮೆ ಸಾಹುಕಾರರು. ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಲಾಯರು ಬೆಂಗಳೂರಿನ ದಂಡು ಪ್ರದೇಶದ ಅಂಗಡಿಯಿಂದ ರೆಕಾರ್ಡ್ ಪ್ಲೇಯರನ್ನೂ, ಗಿಟಾರು ಬಾರಿಸಿಕೊಂಡು ಹಾಡುವ ನಾಲ್ವರು ಇಂಗ್ಲಿಷ್ ಹುಡುಗರ ಏಳೆಂಟು ಚಿಕ್ಕ ಪ್ಲೇಟುಗಳನ್ನೂ ತಂದಿದ್ದರು. ಊರಿನಲ್ಲಿ ಇನ್ನಾರ ಮನೆಯಲ್ಲೂ ಅವು ಇಲ್ಲ ಎಂಬುದೇ ಅವರಿಗೆ ಸಂಗೀತ.

ಪ್ರತಿ ಪ್ಲೇಟಿಗೂ ಎರಡು ಕಡೆ ಹಾಡು ಇರುತ್ತದೆ. ಮೇಲ್ಗಡೆ ಎಲ್ಲರ ಬಾಯಲ್ಲೂ ಇರುವ ಹಾಡು, ಹಿಂದುಗಡೆ ಯಾರಿಗೂ ಗೊತ್ತಿಲ್ಲದ್ದು. ಲಾಯರಿಗೆ ಯಾವುದು ಯಾವ ಕಡೆ ಎಂದು ನೆನಪಿರುತ್ತಿರಲಿಲ್ಲ. ಅದಕ್ಕೆ ಆಯುಧಪೂಜೆಯ ದಿನ ಪ್ಲೇಯರಿಗೆ ಪೂಜೆ ಮಾಡಿ, ಪ್ರತಿ ಪ್ಲೇಟಿನ ಒಳ್ಳೆಯ ಕಡೆಗೆ, ನಡುವಿನ ಕಾಗದದ ಮೇಲೆ, ಗಂಧ ಹಚ್ಚಿ ಕುಂಕುಮ ಇಟ್ಟುಬಿಡುತ್ತಿದ್ದರು. ಆಮೇಲೆ ವರ್ಷವಿಡೀ ಕುಂಕುಮ ಮೇಲೆ ಬರಬೇಕು, ಅಷ್ಟೆ. ಒಂದೇ ಹಾಡನ್ನು ಮೂರು ಸಲ ಹಾಕಿ, ಪಂಚೆಯ ತುದಿಯಿಂದ ಪ್ಲೇಟು ಒರೆಸಿ ಒಳಗಿಡುತ್ತಿದ್ದರು. ಡಾಕ್ಟರು ತೊಡೆ ತಟ್ಟಿ ತಾಳ ಹಾಕುತ್ತಿದ್ದರು. ಆ ತಾಳಕ್ಕೂ ಹಾಡಿಗೂ ಸ್ನಾನದ ಸಂಬಂಧವೂ ಇರಲಿಲ್ಲ.

ನಾನು ಯಾಕೆ ಹೋಗುತ್ತಿದ್ದೆನೆಂದರೆ, ಅರ್ಧ ಹಾಡಿಗಾಗಿ. ಗೌರಿಬಿದನೂರಿನ ನಮ್ಮ ಮಾವನ ಮನೆಯ ರೇಡಿಯೋದಲ್ಲಿ ಒಮ್ಮೆ ಆ ತಂಡದ ಒಂದು ಹಿಂದುಗಡೆ ಹಾಡು ಬಂದಿತ್ತು. ಅಬ್ಬರವಿಲ್ಲದ, ಮೆಲ್ಲಗೆ ಸಾಗುವ ಹಾಡು. ಅರ್ಧಕ್ಕೆ ಕರೆಂಟು ಹೋಯಿತು. ಅದು ಹೇಗೆ ಮುಗಿಯುತ್ತದೆ ಎಂದು ತಿಳಿಯದೆ ನನಗೆ ಸಮಾಧಾನವಿರಲಿಲ್ಲ. ಅದೇ ಪ್ಲೇಟು ಲಾಯರ ಮನೆಯಲ್ಲಿ, ನನ್ನ ಕಣ್ಣೆದುರಿಗೆ, ಬೆನ್ನು ಕೆಳಗೆ ಮಾಡಿಕೊಂಡು ತಿರುಗುತ್ತಿತ್ತು.

"ಒಂದ್ಸಲ ಮಗುಚಿ ಹಾಕಿ" ಎಂದು ಕೇಳಿದೆ.

"ಮೇಷ್ಟ್ರೇ, ಅದು ಹಿಂದ್ಗಡೆ ಹಾಡು ಕಣ್ರೀ. ಖಾಲಿ ಬಿಡಬಾರ್ದು ಅಂತ ಏನೋ ಒಂದು ತುಂಬಿರ್ತಾರೆ" ಎಂದರು ಲಾಯರು.

"ಜಳ್ಳು ಗೂಡಿದ್ದಂಗೆ. ನೋಡೋಕೆ ಗೂಡು, ಬಿಚ್ಚಿದ್ರೆ ನೂಲು ಬರಲ್ಲ" ಎಂದರು ಸಾಹುಕಾರರು. ಮೂವರೂ ನಕ್ಕರು. ರೇಷ್ಮೆಯ ಗೂಡನ್ನು ಬೆರಳಲ್ಲಿ ಒತ್ತಿ ನೋಡದೆ ಕೊಳ್ಳದ ಮನುಷ್ಯ, ಹಾಡನ್ನು ಕೇಳದೆಯೇ ಬೆಲೆ ಕಟ್ಟಿದ. ಅವತ್ತು ನನಗೆ ಮೈಯೆಲ್ಲ ಉರಿಯಿತು.

ಮೂರು ವರ್ಷ ಹೀಗೇ ಕೇಳಿದೆ, ಹೀಗೇ ನಕ್ಕರು. ನಡುವೆ ಲಾಯರ ಅಕ್ಕ ಕಾಫಿ ತಂದು ಇಟ್ಟು ಹೋಗುತ್ತಿದ್ದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದ್ದವರು.

ಒಂದು ಅವರೆಕಾಯಿ ಕಾಲದಲ್ಲಿ, ಶಾಲೆಗೆ ರಜಾ ಇದ್ದ ದಿನ, ಲಾಯರಿಂದ ಎರವಲು ತಂದಿದ್ದ ಪುಸ್ತಕ ಕೊಟ್ಟುಬರಲು ಮಧ್ಯಾಹ್ನ ಹೋದೆ. ಅವರು ಕೋರ್ಟಿಗೆ ಹೋಗಿದ್ದರು. ಬೀದಿಯಲ್ಲಿರುವಾಗಲೇ ಕೇಳಿಸಿತು. ಅದೇ ಹಾಡು. ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಆಕೆ ನೀರಲ್ಲಿ ನೆನೆದ ಅವರೆಕಾಳನ್ನು ಹಿದುಕುತ್ತಾ ಕೂತಿದ್ದರು, ಪಕ್ಕದಲ್ಲಿ ಪ್ಲೇಟು ತಿರುಗುತ್ತಿತ್ತು. ನನ್ನನ್ನು ಕಂಡವರೇ ಗಾಬರಿಯಿಂದ ಮುಳ್ಳು ಎತ್ತಿಬಿಟ್ಟರು.

"ದಯವಿಟ್ಟು ನಿಲ್ಲಿಸಬೇಡಿ" ಎಂದೆ.

ಆಕೆ ನನ್ನ ಮುಖ ನೋಡಿ, ಕೈ ಒರೆಸಿಕೊಂಡು, ಮೊದಲಿನಿಂದ ಹಾಕಿದರು. ಹೊಸ್ತಿಲಲ್ಲೇ ನಿಂತು ಕೇಳಿದೆ. ಕರೆಂಟು ಹೋಗಿದ್ದ ಜಾಗ ದಾಟಿತು.

"ಈಗ ನೋಡಿ, ಬಾಯಿ ಮುಚ್ಕೊಂಡು ಬರೀ ತಂತಿ ನುಡಿಸ್ತಾನೆ. ನಂಗೆ ಇದೇ ಇಷ್ಟ" ಎಂದರು.

ಹೌದು, ಹಾಡುವವನು ಸುಮ್ಮನಾದ. ಗಿಟಾರೊಂದೇ ಮೆಟ್ಟಿಲಿಳಿದು ಹೋಯಿತು. ಕೊನೆಯ ಸ್ವರ ಬರುವುದಕ್ಕೆ ಮುಂಚೆ ಆಕೆ ಅದನ್ನು ಗುನುಗಿದ್ದರು. ನನ್ನ ಕಣ್ಣು ತುಂಬಿತ್ತು.

"ಈ ಕೆಂಪು ಕವರಿಂದು ಇದಕ್ಕಿಂತ ಚೆನ್ನಾಗಿದೆ" ಎಂದು ಇನ್ನೊಂದನ್ನು ತೋರಿಸಿದರು. ಎಲ್ಲ ಪ್ಲೇಟುಗಳ ಹಿಂದುಗಡೆಯೂ ಅವರಿಗೆ ಬಾಯಿಪಾಠವಾಗಿತ್ತು.

"ಯಾವಾಗ್ಲೂ ಈ ಕಡೇನೇ ಯಾಕೆ ಹಾಕ್ತೀರಿ?"

"ಆ ಕಡೆ ಕುಂಕುಮ ಇದೆಯಲ್ಲಪ್ಪ. ನಾನು ಮುಟ್ಟಬಾರ್ದು" ಎಂದು ಮತ್ತೆ ಕಾಳಿಗೆ ಕೈ ಹಾಕಿದರು. ಹಿದುಕುತ್ತಲೇ ಕೇಳಿದರು, "ಇದಕ್ಕೇನಾ ಮೇಷ್ಟ್ರೇ, ಮೂರು ವರ್ಷದಿಂದ ನಮ್ ತಮ್ಮನ ಹತ್ರ ಬೇಡ್ಕೋತಿದ್ದಿದ್ದು? ಕಾಫಿ ತಂದಾಗ ನಂಗೊಂದು ಮಾತು ಹೇಳಿದ್ರೆ, ಯಾವತ್ತೋ ಕೇಳಿಸ್ತಿದ್ದೆ."

ಪುಸ್ತಕ ಕೊಟ್ಟು ಹೊರಬಿದ್ದೆ. ನೂರಾರು ಲೋಟ ಕಾಫಿ ಆ ಕೈಯಿಂದ ಬಂದಿತ್ತು. ಆಕೆಗೆ ಹಾಡು ಕೇಳುವ ಕಿವಿ ಇರಬಹುದೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಮುಂದಿನ ಭಾನುವಾರ ಲಾಯರು ಕುಂಕುಮ ಮೇಲೆ ಮಾಡಿ ಮುಳ್ಳಿಟ್ಟರು. ಡಾಕ್ಟರು ತೊಡೆ ತಟ್ಟಿದರು. ಆಕೆ ಕಾಫಿ ತಂದರು. ಬನ್ನಿ, ಕೂತು ಕೇಳಿ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು. ಲಾಯರ ಮುಖ ನೋಡಿ ನುಂಗಿಕೊಂಡೆ. ಅಡುಗೆಮನೆಯ ಬಾಗಿಲು ಮುಚ್ಚಿಕೊಂಡ ಮೇಲೆ ಎಣಿಸಿದೆ. ಆ ಕೋಣೆಯಲ್ಲಿ ದಡ್ಡರು ಮೂವರಲ್ಲ, ನಾಲ್ವರು ಕೂತಿದ್ದೆವು.