ಬಿಗಿದು ಕಟ್ಟಿದ ಗಾಳಿಚೀಲ

ಸಗರದಲ್ಲಿ ಅಂಬ್ರಪ್ಪನ ಬಗ್ಗೆ ಯಾರನ್ನೇ ಕೇಳಿ, ಮೊದಲು ಹೊಗಳುತ್ತಾರೆ, ಆಮೇಲೆ ದನಿ ತಗ್ಗಿಸುತ್ತಾರೆ. ಕಾಲುವೆಯ ನೀರಿನೊಳಗೆ ಇಳಿದು ಗೇಟಿಗೆ ಸಿಕ್ಕ ಕಸ, ಕೊಂಬೆ, ಸತ್ತ ದನ ಎಲ್ಲವನ್ನೂ ಬಿಡಿಸಿ ತೆಗೆಯುವವರು ಶಹಾಪುರ, ಸುರಪುರ ಎರಡೂ ಸೀಮೆಗೆ ಆಗ ಇಬ್ಬರೇ ಇದ್ದರು. ಒಬ್ಬ ಅವನು, ಇನ್ನೊಬ್ಬ ಅವನಿಗಿಂತ ಎಂಟು ವರ್ಷ ಚಿಕ್ಕವನಾದ ತಮ್ಮ ಮರಿಲಿಂಗಪ್ಪ.

ಅವರಪ್ಪ ಭೀಮಾ ನದಿಯಲ್ಲಿ ಹರಿಗೋಲು ಹಾಕುತ್ತಿದ್ದವನು. ಕಾಲುವೆ ತೋಡುವ ಕೆಲಸಕ್ಕೆಂದು ಈ ಕಡೆ ಬಂದ, ಇಲ್ಲೇ ಉಳಿದ. ಕಾಲುವೆಗೆ ಮೊದಲ ನೀರು ಬಂದಾಗ ಅಂಬ್ರಪ್ಪನಿಗೆ ಮೀಸೆ ಮೂಡುವ ವಯಸ್ಸು. ಹಳೆಯ ಜನ ಆ ನೀರಿಗೆ ಕೈಮುಗಿದರೆ ಇವನು ಉಸಿರು ಕಟ್ಟಿ ಅದರ ತಳ ಮುಟ್ಟಿ ಬಂದ. ಹಾಗೆ ಉಸಿರು ಕಟ್ಟಿಯೇ ಇಪ್ಪತ್ತು ವರ್ಷ ಕೆಲಸ ಮಾಡಿದ. ಆಮೇಲೆ ಗುತ್ತಿಗೆದಾರ ಬಸವಂತ್ರಾಯ ಹೈದರಾಬಾದಿನಿಂದ ಹಳೆಯ ಸಾಮಾನು ತಂದ. ಬೆನ್ನಿಗೆ ಗಾಳಿಯ ಸಿಲಿಂಡರು, ಬಾಯಿಗೆ ಕೊಳವೆ, ಬೆನ್ನಿಗೂ ಸಿಲಿಂಡರಿಗೂ ನಡುವೆ ಕುದುರೆಲಾಳದ ಆಕಾರದ ಗಾಳಿಚೀಲ. ಗುಂಡಿ ಒತ್ತಿದರೆ ಚೀಲ ಉಬ್ಬಿ ಆಳು ಮೇಲೇಳುತ್ತಾನೆ, ಗಾಳಿ ಬಿಟ್ಟರೆ ಕೆಳಗಿಳಿಯುತ್ತಾನೆ.

ಚೀಲ ಅರ್ಧ ಖಾಲಿಯಾದಾಗ ಅದರ ಅಂಚು ನೀರಿನ ಸೆಳೆತಕ್ಕೆ ಪಟಪಟ ಬಡಿದುಕೊಳ್ಳುತ್ತಿತ್ತು. ಎರಡನೆಯ ವರ್ಷ ಆ ಅಂಚೇ ಗೇಟಿನ ಕಬ್ಬಿಣದ ಸಂದಿಗೆ ಸಿಕ್ಕಿ ಅಂಬ್ರಪ್ಪನನ್ನು ತಳದಲ್ಲಿ ಹಿಡಿದಿಟ್ಟಿತು. ಕುಡುಗೋಲಿನಿಂದ ಸಿಲಿಂಡರಿನ ಬೆನ್ನುಪಟ್ಟಿ ಕೊಯ್ದು, ದಿಕ್ಕೆಟ್ಟು ಒಮ್ಮೆಲೇ ಮೇಲೆ ಬಂದ. ಜೀವ ಉಳಿಯಿತು, ಬಲಗಿವಿಯ ತಮಟೆ ಹರಿಯಿತು. ಮತ್ತೆ ಆಳಕ್ಕೆ ಇಳಿದರೆ ತಲೆಗೇ ಕುತ್ತು ಎಂದು ಡಾಕ್ಟರು ಹೇಳಿದರು. ಅಲ್ಲಿಂದ ಇಳಿಯುವವನು ಮರಿಲಿಂಗಪ್ಪ, ದಡದಲ್ಲಿ ಹಗ್ಗ ಹಿಡಿಯುವವನು ಅಂಬ್ರಪ್ಪ.

ಕಿವಿ ಹೋದ ವಾರದಲ್ಲೇ ಅವನು ಶಹಾಪುರದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಗೆಳೆಯ ಮನ್ಸೂರಅಲಿಯ ಹತ್ತಿರ ಹೋಗಿ, ಹಳೆಯ ಟ್ಯೂಬನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿಕೊಂಡು ಬಂದ. ಚೀಲದ ಸುತ್ತ ಆ ರಬ್ಬರ್ ಪಟ್ಟಿಗಳನ್ನು ಎಳೆದು ಕಟ್ಟಿದ. ಚೀಲ ಖಾಲಿಯಾದರೂ ಮುದುಡಿ ಸಿಲಿಂಡರಿಗೆ ಅಂಟಿಕೊಂಡಿತು, ಬಡಿದುಕೊಳ್ಳುವುದು ನಿಂತಿತು. ಹೊರದೇಶದ ಮುಳುಗುಗಾರರಲ್ಲೂ ಹೀಗೆ ಕಟ್ಟುವವರಿದ್ದಾರೆ, ಕಟ್ಟಬಾರದೆಂದು ಜಗಳ ತೆಗೆಯುವವರೂ ಇದ್ದಾರೆ ಎಂದು ಬಸವಂತ್ರಾಯ ಎಲ್ಲೋ ಕೇಳಿ ಬಂದಿದ್ದ. ಅಂಬ್ರಪ್ಪನಿಗೆ ಯಾರ ಮಾತೂ ಬೇಕಿರಲಿಲ್ಲ. ಬಂಡಿಯ ಹೇರಾಗಲಿ, ಹೊರಸಿನ ನುಲಿಯಾಗಲಿ, ಬಿಗಿಯಾಗಿದ್ದರೇ ಅವನ ಮನಸ್ಸಿಗೆ ಸಮಾಧಾನ.

ಒಮ್ಮೆ ಮರಿಲಿಂಗಪ್ಪ ಪಟ್ಟಿ ಬಿಚ್ಚಿಟ್ಟು ಇಳಿಯಲು ಹೊರಟ. ಬಿಗಿ ಇದ್ದರೆ ಗಾಳಿ ತುಂಬುವುದು ತಡ, ಒಂದು ಕಡೆ ಉಬ್ಬಿ ಮೈ ವಾಲುತ್ತದೆ ಎಂದು ಅವನ ತಕರಾರು. ಅಂಬ್ರಪ್ಪ ಕೂಲಿಯಾಳುಗಳ ಎದುರಿಗೇ ಅಂದುಬಿಟ್ಟ: “ಸಡ್ಲ ಬಿಟ್ಟವನ ಹೆಣ ತೆಗಿಯಾಕ ನಾ ಇಳಿಯಂಗಿಲ್ಲ.” ಎಲ್ಲರೂ ನಕ್ಕರು. ಮರಿಲಿಂಗಪ್ಪ ಮತ್ತೆಂದೂ ಪಟ್ಟಿ ಬಿಚ್ಚಲಿಲ್ಲ. ಆ ನಾಲಿಗೆಗೆ ಆವತ್ತೇ ಯಾರಾದರೂ ಬರೆ ಹಾಕಬೇಕಿತ್ತು.

ಆರು ವರ್ಷ ಹೀಗೇ ನಡೆಯಿತು. ದಸರಾ ಮುಗಿದ ಮೇಲೆ ಒಂದು ದಿನ ಹೊಸ ಪಟ್ಟಿಗೆಂದು ಹೋದ ಅಂಬ್ರಪ್ಪನನ್ನು ಮನ್ಸೂರಅಲಿ ಕೂರಿಸಿಕೊಂಡ. ಎರಡು ಟ್ಯೂಬಿಗೆ ಗಾಳಿ ಹಾಕಿ, ಒಂದಕ್ಕೆ ಮಾತ್ರ ರಬ್ಬರ್ ಬಿಗಿದ. ಎರಡಕ್ಕೂ ಒಂದೇ ಜಾಲಿಮುಳ್ಳು ಚುಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದ. ಬರಿ ಟ್ಯೂಬು ಮೊದಲು ಒಂದಿಷ್ಟು ಗಾಳಿ ಬಿಟ್ಟು, ಮೆತ್ತಗಾದ ಮೇಲೆ ಒಂದೊಂದೇ ಗುಳ್ಳೆ ಬಿಡತೊಡಗಿತು. ಕಟ್ಟಿದ ಟ್ಯೂಬು ಮಾತ್ರ ಬುಳುಬುಳು ಎಂದು ಒಂದೇ ಸಮನೆ ಉಗುಳಿ ಚಪ್ಪಟೆಯಾಗಿ ಹೋಯಿತು.

“ರಬ್ಬರ್ ತೂತ ಮುಚ್ಚಂಗಿಲ್ಲ ಅಂಬ್ರಪ್ಪ, ಗಾಳಿ ಹಿಂಡಿ ಹಾಕ್ತದ,” ಎಂದ ಮನ್ಸೂರಅಲಿ. “ನೀರಾಗ ಒಂದು ಮುಳ್ಳ ಚುಚ್ಚಿದ್ರ ನಿನ್ನ ತಮ್ಮ ಕಲ್ಲಾಗಿ ಇಳಿತಾನ.”

ಗೆಳೆಯ ತರಿಸಿದ ಚಹಾ ಕುಡಿಯದೆ ಅಂಬ್ರಪ್ಪ ಎದ್ದು ಬಂದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಸಡಿಲ ಬಿಟ್ಟರೆ ಕಬ್ಬಿಣ ಹಿಡಿಯುತ್ತದೆ, ಅದನ್ನು ಅವನು ತನ್ನ ಕಿವಿ ಕೊಟ್ಟು ಕಲಿತಿದ್ದ. ಬಿಗಿದರೆ ಮುಳ್ಳು ಕಾಯುತ್ತಿರುತ್ತದೆ. ಎರಡೂ ನಿಜವಾಗಿದ್ದರೆ ತಮ್ಮನಿಗೆ ಎರಡನ್ನೂ ಹೇಳಬೇಕಿತ್ತು, ನೋಡಿ ಇಳಿ ಎನ್ನಬೇಕಿತ್ತು. ಆದರೆ ಹತ್ತು ಜನರ ಮುಂದೆ ಅವನನ್ನು ನಗೆಪಾಟಲು ಮಾಡಿದ ಬಾಯಿಂದ ಈ ಮಾತು ಹೊರಡಲಿಲ್ಲ. ದಿನಾ ಊಟಕ್ಕೆ ಎದುರುಬದುರು ಕೂತರು. ದಿನಾ ಅಂಬ್ರಪ್ಪ ನಾಳೆ ಹೇಳಿದರಾಯಿತು ಎಂದುಕೊಂಡು ಕೈ ತೊಳೆದ. ನಾಲ್ಕು ದಿನ ಹೋದವು.

ಐದನೆಯ ದಿನ ಬೆಳಿಗ್ಗೆ ಬಸವಂತ್ರಾಯನ ಜೀಪು ಬಂತು. ಬೇರು ಸಮೇತ ಕಿತ್ತ ದೊಡ್ಡ ಜಾಲಿಮರವೊಂದು ತೇಲಿ ಬಂದು ಗೇಟಿಗೆ ಅಡ್ಡ ಕೂತಿತ್ತು. ಗೇಟು ಏಳುತ್ತಿರಲಿಲ್ಲ, ವಡಗೇರಾ ಕಡೆಯ ಕೊನೆಯ ಹೊಲಗಳಿಗೆ ನೀರು ನಿಂತಿತ್ತು. ಮೇಲಿನಿಂದ ನೀರು ತಡೆಯಲು ಎರಡು ದಿನ ಬೇಕು, ತಡೆದೇ ಇಳಿಯುವುದಾದರೆ ತಾನು ಕಾಯುತ್ತೇನೆ ಎಂದ ಬಸವಂತ್ರಾಯ. ಸುತ್ತ ಇಪ್ಪತ್ತು ಜನ ರೈತರು ಅಂಬ್ರಪ್ಪನ ಮುಖ ನೋಡಿದರು. ಇಂಥ ನೀರು ಎಷ್ಟು ನೋಡಿಲ್ಲ ಎಂದುಬಿಟ್ಟ ಅವನು.

ನೀರು ಮೂರಾಳು ಆಳ ಇತ್ತು, ಕೆಂಪಗೆ ಸುತ್ತುತ್ತಿತ್ತು. ಮರಿಲಿಂಗಪ್ಪ ಸೊಂಟಕ್ಕೆ ಸೀಸದ ಪಟ್ಟಿ ಬಿಗಿದ, ಮರಕ್ಕೆ ಸಿಕ್ಕಿಸುವ ಕಬ್ಬಿಣದ ಸರಪಳಿ ಹೆಗಲಿಗೆ ಹಾಕಿಕೊಂಡ. ಆ ಭಾರವನ್ನೆಲ್ಲ ಎತ್ತಿ ಹಿಡಿಯುವುದು ಬೆನ್ನಿನ ಚೀಲ ಒಂದೇ. ರಬ್ಬರ್ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ಅಣ್ಣನ ಮುಂದೆ ನಿಂತ.

“ಕಟ್ಲೇನಣ್ಣ?” ಎಂದು ಕೇಳಿದ. ಆರು ವರ್ಷದಲ್ಲಿ ಅವನು ಹೀಗೆ ಕೇಳಿದ್ದು ಅದೇ ಮೊದಲು.

ಅಂಬ್ರಪ್ಪ ನೀರು ನೋಡಿದ, ಜನ ನೋಡಿದ. “ಕಟ್ಕೋ,” ಎಂದ. ಕೊನೆಯ ಗಂಟನ್ನು ತಾನೇ ಎಳೆದು ಹಾಕಿದ.

ಸ್ವಲ್ಪ ಹೊತ್ತು ಉಸಿರಿನ ಗುಳ್ಳೆಗಳು ತಡೆತಡೆದು ಮೇಲೆ ಬರುತ್ತಿದ್ದವು. ಆಮೇಲೆ ಗೇಟಿನ ಹತ್ತಿರ ಬುಳುಬುಳು ಎಂದು ಬಿಳಿ ನೊರೆ ಒಂದೇ ಸಮನೆ ಎದ್ದಿತು. ದಡದ ಮೇಲಿದ್ದವರಲ್ಲಿ ಅದೇನೆಂದು ಗೊತ್ತಿದ್ದವನು ಅಂಬ್ರಪ್ಪ ಒಬ್ಬನೇ. ಹಗ್ಗ ಎಳೆದ, ಬರಲಿಲ್ಲ. ನಾಲ್ಕು ಜನ ಸೇರಿ ಎಳೆದರು, ಆಗಲೂ ಬರಲಿಲ್ಲ. ಡಾಕ್ಟರ ಮಾತು ಬದಿಗಿಟ್ಟು ಉಸಿರು ಕಟ್ಟಿ ತಾನೇ ಧುಮುಕಿದ.

ಮೂರನೆಯ ಸಲಕ್ಕೆ ತಮ್ಮನನ್ನು ಮೇಲೆ ತಂದ. ಜಾಲಿಯ ಕೊಂಬೆ ಚೀಲ ಚುಚ್ಚಿತ್ತು. ಸರಪಳಿಯ ಭಾರ ಅವನನ್ನು ಗೇಟಿನ ಕೆಳಗಿನ ಸಂದಿಗೆ ಇಳಿಸಿತ್ತು, ಅಲ್ಲಿಯ ಸೆಳೆತ ಬಾಯಿಯ ಕೊಳವೆಯನ್ನು ಕಿತ್ತುಕೊಂಡಿತ್ತು. ಗಾಳಿ ತುಂಬುವ ಗುಂಡಿಯ ಮೇಲೆ ಹೆಬ್ಬೆರಳು ಹಾಗೇ ಒತ್ತಿಕೊಂಡಿತ್ತು. ಅವನು ತುಂಬಿದಷ್ಟನ್ನೂ ರಬ್ಬರ್ ಹಿಂಡಿ ಹೊರಗೆ ಹಾಕಿತ್ತು.

ಚೀಲಕ್ಕೆ ಮುಳ್ಳು ಚುಚ್ಚಿ ಆದ ಸಾವು ಎಂದು ಕಾಗದದಲ್ಲಿ ಬರೆದರು. ಅಣ್ಣ ಜೀವದ ಹಂಗು ತೊರೆದು ಇಳಿದ ಎಂದು ಊರು ಹೊಗಳಿತು. ಆ ಹೊಗಳಿಕೆ ಅಂಬ್ರಪ್ಪನಿಗೆ ಅನ್ನ ಇಳಿಯದಂತೆ ಮಾಡಿತು. ಹನ್ನೊಂದನೆಯ ದಿನ, ನೆಂಟರೆಲ್ಲ ಹೋದ ಮೇಲೆ, ಮರಿಲಿಂಗಪ್ಪನ ಹೆಂಡತಿ ಮಾನಮ್ಮನ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದ. ತೊಟ್ಟಿಯಲ್ಲಿ ನೋಡಿದ್ದು, ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದು, ಕಟ್ಟಿಕೋ ಎಂದದ್ದು, ಒಂದನ್ನೂ ಬಿಡಲಿಲ್ಲ. ಅವಳು ಬೈದಿದ್ದರೆ, ಕೈ ಎತ್ತಿದ್ದರೆ ಅವನಿಗೆ ಅಷ್ಟಾದರೂ ಹಗುರಾಗುತ್ತಿತ್ತು.

ಮಾನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

“ಅವರಿಗೆ ಮೊದಲs ಗೊತ್ತಿತ್ತ್ರಿ ಭಾವಾರ,” ಎಂದಳು. “ಮನ್ಸೂರಅಲಿ ಮೊದಲು ತೋರಿಸಿದ್ದು ಅವರಿಗೇ. ನಮ್ಮಣ್ಣ ಬಂದಾಗ ಹಿಂಗs ತೋರ್ಸು, ನನ್ನ ಹೆಸರು ಮಾತ್ರ ಹೇಳಬ್ಯಾಡ ಅಂತ ಅವರೇ ಹೇಳಿ ಬಂದಿದ್ರು. ನೀವಾಗಿ ಬಿಚ್ಚಂದ್ರ ನಿಮ್ಮ ಮಾತೂ ಉಳಿತದ ಅಂದ್ರು. ನಾಲ್ಕು ದಿನ ನಿಮ್ಮ ಬಾಯಿ ನೋಡ್ಕೋತನs ಇದ್ರು.”

ಅಂಬ್ರಪ್ಪ ಕೂತಲ್ಲಿಂದ ಏಳಲಿಲ್ಲ. ಅವಳೂ ಏಳಿ ಎನ್ನಲಿಲ್ಲ.