ಡೋಲಿ ಹೊತ್ತವನ ಹರಕೆ

ಗೋಳೇಗಾಂವದ ಕೋಂಡಿಭಾವು ತಾಮ್ಹಾಣೆಗೆ ಮನುಷ್ಯರನ್ನು ಕಂಡರೆ ಮೊದಲು ತೋಚುವುದು ಅವರ ತೂಕ. ಹೆಸರು, ಊರು, ಕುಲ ಎಲ್ಲ ಆಮೇಲಿನ ಮಾತು. ಬಸ್ಸಿನಿಂದ ಯಾರಾದರೂ ಇಳಿದರೆ ಸಾಕು, ಅವನ ಹೆಗಲು ತಾನಾಗಿಯೇ ಅಂದಾಜು ಮಾಡುತ್ತದೆ: ಅರವತ್ತೆರಡು ಕಿಲೋ, ಎಡಕ್ಕೆ ವಾಲಿ ಕೂರುವ ಪೈಕಿ, ಅರ್ಧ ಗುಡ್ಡಕ್ಕೆ ಹೆದರಿ ಚೀರುವ ಆಸಾಮಿ. ಇಪ್ಪತ್ತಾರು ವರ್ಷ ಲೇಣ್ಯಾದ್ರಿಯ ಗಣಪತಿ ಗುಡ್ಡದ ಮುನ್ನೂರು ಚಿಲ್ಲರೆ ಮೆಟ್ಟಿಲುಗಳ ಮೇಲೆ ಕಂಡವರನ್ನೆಲ್ಲ ಡೋಲಿಯಲ್ಲಿ ಹೊತ್ತ ಹೆಗಲದು. ಬಿದಿರು ಕೂತು ಕೂತು ಅಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಿದೆ. ಅದನ್ನು ನೋಡಿ ಅಯ್ಯೋ ಎಂದ ಯಾತ್ರಿಕರಿಗೆ ಅವನು, "ಬಾಪ್ಪಾ ಕೊಟ್ಟ ಮೋದಕರಿ ಇದು, ಕಡೀಲಿಕ್ಕ ಮಾತ್ರ ಬರಂಗಿಲ್ಲ," ಎನ್ನುತ್ತಿದ್ದ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಹೆಗಲು ಗಟ್ಟಿಯಾಗಿಯೇ ಇತ್ತು, ಮೊಣಕಾಲು ಕೈಕೊಟ್ಟಿತು. ಇನ್ನು ಮೆಟ್ಟಿಲು ಹತ್ತಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಡೋಲಿಯಲ್ಲಿ ಅವನ ಜಾಗಕ್ಕೆ ಜೊತೆಗಾರ ಗೇಣುವಿನ ತಮ್ಮ ಬಂದ. ಕೋಂಡಿಭಾವು ಗುಡ್ಡದ ಬುಡದಲ್ಲಿ ಗೋಣಿ ಹಾಸಿಕೊಂಡು ಕೂತು ಗರಿಕೆ, ದಾಸವಾಳ ಮಾರತೊಡಗಿದ. ಇಪ್ಪತ್ತೊಂದು ಗರಿಕೆ ಸೇರಿಸಿ ದಾರ ಸುತ್ತಿದರೆ ಒಂದು ಕಟ್ಟು. ಆನೆಯಂಥ ಸೇಠ್‌ಗಳನ್ನು ಹೊತ್ತ ಕೈ ಈಗ ಹುಲ್ಲೆಳೆ ಎಣಿಸುತ್ತಿದೆ ಎಂದು ಜೊತೆಗಾರರು ಕಾಲೆಳೆಯುತ್ತಿದ್ದರು. ಅವನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಬೇಜಾರು ಬೇರೆಯದೊಂದಿತ್ತು.

ಹದಿನೆಂಟು ವರ್ಷದ ಹಿಂದೆ ಅವನ ಒಬ್ಬಳೇ ಮಗಳು ಛಾಯಾ, ಆಗ ಆರು ವರ್ಷದವಳು, ಕಾಮಾಲೆಯಾಗಿ ಜುನ್ನರಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಕಣ್ಣು, ಉಗುರು ಎಲ್ಲ ಅರಿಸಿನದ ಬಣ್ಣ. ಇನ್ನೆರಡು ದಿನ ಏನೂ ಹೇಳಲಾಗದು ಎಂದು ಡಾಕ್ಟರು ಹೋದರು. ಕೋಂಡಿಭಾವು ಆಸ್ಪತ್ರೆಯ ಜಗುಲಿಗೆ ಬಂದು, ಗುಡ್ಡ ಇರುವ ದಿಕ್ಕಿಗೆ ತಿರುಗಿ ಕೈಮುಗಿದ. "ಬಾಪ್ಪಾ, ಇಕೀನ್ನ ನನಗ ಬಿಟ್ಟುಬಿಡು. ನಿನ್ನ ಎಂಟೂ ಗುಡಿಗೆ ಕರ್ಕೊಂಡ ಬಂದು, ನನ್ನ ಮಗ್ಗಲದಾಗ ನಿಂದರಿಸಿ, ನನ್ನ ಕೈಲೆ ಗರಿಕಿ ಏರಸ್ತೀನಿ." ಹುಡುಗಿ ಉಳಿದಳು. ಹರಕೆಯೂ ಉಳಿದೇ ಹೋಯಿತು.

ಮರೆತಿದ್ದನೆಂದಲ್ಲ. ಜನ ಅಷ್ಟವಿನಾಯಕನ ಯಾತ್ರೆಗೆ ಹೊರಡುವ ಚೌತಿ, ಮಾಘ, ದೀಪಾವಳಿಯ ರಜೆ, ಇವೇ ಡೋಲಿಯವರಿಗೆ ಉಸಿರು ಬಿಡಲು ಪುರುಸೊತ್ತಿಲ್ಲದ ದಿನಗಳು. ಊರವರ ಯಾತ್ರೆಯನ್ನು ಹೊತ್ತುಕೊಂಡು ಹದಿನೆಂಟು ವರ್ಷ ಕಳೆದವು. ಈಗ ಛಾಯಾ ನರ್ಸ್ ಆಗಿದ್ದಾಳೆ, ವೈಶಾಖದಲ್ಲಿ ಮದುವೆ ಗೊತ್ತಾಗಿದೆ, ಗಂಡಿನ ಕಡೆಯವರು ನಾಶಿಕದವರು. ಆಮೇಲೆ ಅವಳನ್ನು ಎಂಟು ಊರು ಸುತ್ತಿಸಬೇಕೆಂದರೆ ಬೀಗಿತ್ತಿಯ ಮುಖ ನೋಡಬೇಕು. ತನ್ನ ಮನೆಯ ಮಗಳಾಗಿರುವಾಗಲೇ ಈ ಹರಕೆ ತೀರಬೇಕು, ಇಲ್ಲವಾದರೆ ತೀರುವುದಿಲ್ಲ ಎಂದು ಅವನು ಒಳಗೊಳಗೇ ಬೇಯುತ್ತಿದ್ದ. ಅದನ್ನು ಅರಿತ ಮಗಳೇ ಈ ಮಾಘದಲ್ಲಿ ಯಮೂಕಾಕೂವಿನ ಬಸ್ಸಿನಲ್ಲಿ ಇಬ್ಬರ ಹೆಸರು ಬರೆಸಿದಳು.

ಯಮೂಕಾಕೂ ಪುಣೆಯವರು, ಎಪ್ಪತ್ತೊಂದರ ಮುದುಕಿ, ಪ್ರತಿ ವರ್ಷ ಒಂದು ಬಸ್ಸಿನ ತುಂಬ ಜನರನ್ನು ಎಂಟು ಗಣಪತಿಗಳಿಗೆ ಕರೆದೊಯ್ಯುವವರು. ಕ್ರಮದ ವಿಷಯದಲ್ಲಿ ಬಲು ಕಟ್ಟುನಿಟ್ಟು. ಮೋರ್‌ಗಾಂವದಿಂದ ಶುರು, ಎಂಟೂ ಮುಗಿಸಿ ಮತ್ತೆ ಮೋರ್‌ಗಾಂವಕ್ಕೆ ಬಂದು ಕೈಮುಗಿದರೇ ಯಾತ್ರೆ ಸಂಪೂರ್ಣ. ಡ್ರೈವರು ಒಳದಾರಿಯ ಸುದ್ದಿ ಎತ್ತಿದರೆ, "ನಿನ್ನ ಡೀಸೆಲ್ ಉಳಸೂದಕ್ಕ ನನ್ನ ಪುಣ್ಯ ಯಾಕ ಕಡಿಮಿ ಆಗಬೇಕೋ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಅವರನ್ನು ಕೋಂಡಿಭಾವು ಒಂಬತ್ತು ಸಲ ಹೊತ್ತಿದ್ದ.

ಹೊರಡುವ ಮುಂಚೆ ಅವನು ತನ್ನ ಕೈಯಾರೆ ಎಂಟು ಕಟ್ಟು ಗರಿಕೆ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಜೋಳಿಗೆಯಲ್ಲಿಟ್ಟುಕೊಂಡ. ಮೋರ್‌ಗಾಂವದಲ್ಲಿ ಒಂದು, ಸಿದ್ಧಟೇಕಿನಲ್ಲಿ ಒಂದು, ಪಾಲಿಯಲ್ಲಿ ಒಂದು. ಮಹಡದಲ್ಲಿ ಭಕ್ತರೇ ಗರ್ಭಗುಡಿಗೆ ಹೋಗಿ ಮುಟ್ಟಿ ಪೂಜೆ ಮಾಡಬಹುದೆಂದು ತಿಳಿದಾಗ ಅವನ ಕೈ ನಡುಗಿತು. "ಬಾಬಾ, ಇಂಜೆಕ್ಷನ್ ತಗೊಳ್ಳೋರು ಸೈತ ಇಷ್ಟ ನಡುಗಂಗಿಲ್ಲ," ಎಂದು ಛಾಯಾ ಅವನ ಮೊಣಕೈ ಹಿಡಿದಳು. ಥೇವೂರಿನಲ್ಲಿ ಐದನೆಯದು. ಯಾರೋ ಅವನಿಗೆ ಚಹಾ ತಂದುಕೊಟ್ಟರು, ಯಾರೋ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟರು. ಜನ್ಮದಲ್ಲಿ ಮೊದಲ ಬಾರಿಗೆ ಅವನೊಬ್ಬ ಯಾತ್ರಿಕನಾಗಿದ್ದ, ಆ ಸುಖಕ್ಕೆ ಅವನ ಮುಖದ ನಗು ಮಾಸಲೇ ಇಲ್ಲ.

ಆರನೆಯದು ಲೇಣ್ಯಾದ್ರಿ. ಬಸ್ಸು ನಿಂತದ್ದೇ ತಡ, ಡೋಲಿಯವರೆಲ್ಲ ಓಡಿ ಬಂದರು.

"ಬರ್ರಿ ಯಾತ್ರಿಕ ಮಹಾರಾಜ್ರ! ಡೋಲಿ ಬೇಕೇನ್ರಿ ಡೋಲಿ?" ಎಂದು ಗೇಣು ಹಲ್ಲು ಕಿಸಿದ.

"ನಿಮ್ಮಂಥ ಒಣಕಲುಗಳ ಹೆಗಲ ಮ್ಯಾಲೆ ಕುಂತು ಸಾಯ್ಲೇನ? ಮೊದಲ ಕಾಕೂನ್ನ ಕುಂದರ್ಸು. ಗಾದಿ ಸರಿ ಹಾಕು. ಆ ಎಡಗಡೆ ಹಗ್ಗ ಬಿಗಿ."

ಅಷ್ಟೇ. ಯಾತ್ರಿಕ ಮಾಯವಾಗಿ ಮನೆಯ ಯಜಮಾನ ಬಂದುಬಿಟ್ಟ. ಬಸ್ಸಿನವರಿಗೆಲ್ಲ ಚಹಾ ಹೇಳಿದ, ಮಂಗಗಳು ಕಿತ್ತುಕೊಳ್ಳದಂತೆ ಕನ್ನಡಕ ಒಳಗಿಡಿ ಎಂದು ಸಾರಿದ, ನಿಧಾನ ಹತ್ತಿ ಎಂದು ಮುದುಕರಿಗೆ ಕೋಲು ಕೊಡಿಸಿದ. ಛಾಯಾ ಮೆಟ್ಟಿಲ ಹತ್ತಿರ ನಿಂತು ಕೇಳಿದಳು: "ಬಾಬಾ, ನೀವು?"

"ನನ್ನ ಮನೀಗೆ ನಾನ ಬೀಗ ಆಗಿ ಬರ್ಲೇನ? ನನ್ನಷ್ಟ ಸಲ ಹತ್ತಿದಾವ ಯಾವ ಅದಾನ? ನನ್ನ ಮಾರಿ ನೋಡಿ ನೋಡಿ ಬಾಪ್ಪಾಗ ಸೈತ ಬ್ಯಾಸರ ಬಂದೈತಿ. ನೀ ಹೋಗಿ ಬಾ."

ಅವಳು ಹೋಗಿ ಬಂದಳು. ಕೋಂಡಿಭಾವು ಜೊತೆಗಾರರೊಂದಿಗೆ ಎರಡು ಕಪ್ ಚಹಾ ಕುಡಿದ, ಹೊಸಬನಿಗೆ ಬಿದಿರು ಹಿಡಿಯುವ ಬಗೆ ತೋರಿಸಿದ, ಬಸ್ಸು ಹತ್ತಿದ.

ಅಲ್ಲಿಂದ ಓಝರ್ ಅರ್ಧ ಗಂಟೆಯ ದಾರಿ. ಅಂದಿನ ವಸತಿ ಅಲ್ಲಿಯೇ. ಸಂಜೆಯ ಆರತಿಗೆ ಮುಂಚೆ ಕೋಂಡಿಭಾವು ಭಕ್ತನಿವಾಸದ ಕಟ್ಟೆಯ ಮೇಲೆ ಜೋಳಿಗೆ ಬಿಚ್ಚಿದ. ಓಝರಿಗೊಂದು, ರಾಂಜಣಗಾಂವಕ್ಕೊಂದು, ಎರಡು ಉಳಿದಿರಬೇಕು. ಒದ್ದೆ ಬಟ್ಟೆಯಲ್ಲಿ ಮೂರು ಕಟ್ಟುಗಳಿದ್ದವು.

ಮತ್ತೊಮ್ಮೆ ಎಣಿಸಿದ. ಮೂರೇ.

"ಯಾಕೋ ಕೋಂಡಿಭಾವು, ಮಾರಿ ಸಣ್ಣದಾತು?" ಎಂದು ಯಮೂಕಾಕೂ ಹತ್ತಿರ ಬಂದರು.

ಅವನು ಬಟ್ಟೆ ತೋರಿಸಿದ. "ಲೇಣ್ಯಾದ್ರೀದು ಉಳದೈತ್ರಿ ಕಾಕೂ. ನಿಮ್ಮನ್ನೆಲ್ಲಾ ಹತ್ತಸೂ ಗದ್ದಲದಾಗ ಮರತೆ, ನಾ ಒಳಗ ಹೋಗಲೇ ಇಲ್ಲ."

"ಅಯ್ಯ, ಇಪ್ಪತ್ತಾರು ವರ್ಷ ದಿನಾ ನೋಡಿದ್ದಲ್ಲೋ."

"ಎಲ್ಲಿ ನೋಡೇನ್ರಿ?" ಅವನ ದನಿ ಇಳಿಯಿತು. "ನಾವು ಡೋಲಿ ಇಳಸ್ತೀವಿ, ಮ್ಯಾಲಿನ ಮೆಟ್ಟಲಾ ಮುಟ್ಟಿ ಹಣೀಗೆ ಹಚ್ಕೋತೀವಿ, ಡೋಲಿ ಕಾಯ್ಕೊಂಡ ಕುಂದರ್ತೀವಿ. ಬಿಟ್ಟ ಹೋದ್ರ ಮಂಗ್ಯಾ ಗಾದಿ ಹರೀತಾವು. ನಿಮ್ಮನ್ನ ಒಂಬತ್ತ ಸಲ ತಂದೇನಿ, ಒಂದ ಸಲಾನಾದ್ರೂ ನಿಮ್ಮ ಹಿಂದ ಒಳಗ ಬಂದೇನೇನ್ರಿ?"

ಕಾಕೂ ನೆನಪಿಸಿಕೊಂಡರು. ಬಂದಿರಲಿಲ್ಲ. ಮದುವೆಯಾದ ವರ್ಷ ಹೆಂಡತಿಯೊಂದಿಗೆ ಒಮ್ಮೆ, ಛಾಯಾಳ ಜವಳದ ಕೂದಲು ತೆಗೆಸಿದಾಗ ಒಮ್ಮೆ ಅವನು ಒಳಗೆ ಹೋದದ್ದು. ಹರಕೆ ಹೊತ್ತ ಮೇಲೆ ಒಮ್ಮೆಯೂ ಇಲ್ಲ. ಮಗಳ ಜೀವ ಉಳಿಸಿಕೊಟ್ಟ ದೇವರ ಬಾಗಿಲಲ್ಲಿ ಹದಿನೆಂಟು ವರ್ಷ ತಂಬಾಕು ತಿಕ್ಕುತ್ತ ಕೂತಿದ್ದೆನೆಂದು ಅವನಿಗೆ ಈಗ ಹೊಳೆಯಿತು, ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು.

"ಹೋಗ್ಲಿ ಬಿಡ್ರಿ," ಎಂದು ನಗಲು ನೋಡಿದ. "ನಮ್ಮ ಗುಡ್ಡದ ಬಾಪ್ಪಾ ಬಾಗಲಿಗೆ ಬೆನ್ನ ಮಾಡಿ ಕುಂತಾನಂತ ಹೇಳ್ತಾರಲ್ರಿ. ಬಂದಾವ್ರು ಯಾರು, ಬರದಾವ್ರು ಯಾರು, ಅವಗೇನ ಗೊತ್ತ ಆಗತೈತಿ?"

ಯಾರೂ ನಗಲಿಲ್ಲ. ಛಾಯಾ ಗರಿಕೆಯ ಕಟ್ಟನ್ನೇ ನೋಡುತ್ತಿದ್ದಳು.

"ಕ್ರಮ ಕೆಡೂಹಂಗಿಲ್ಲ," ಎಂದರು ಯಮೂಕಾಕೂ. "ಆರನೇದು ಆಗದ ಏಳನೇದು ಹ್ಯಾಂಗ ಆಗ್ತದ? ಇವತ್ತ ಇಲ್ಲೆ ಹೊರಗಿಂದ ಕೈಮುಗಿ, ಗರಿಕಿ ಏರಸಬ್ಯಾಡ. ಮುಂಜಾನೆ ತಂದಿ ಮಗಳು ಜೀಪ್ ಹಿಡದ ಹೋಗಿ ಬರ್ರಿ. ಬಸ್ ಹತ್ತರ ತನಕಾ ನಿಂದರ್ತದ. ಡ್ರೈವರ್ ಏನರೆ ಗೊಣಗಿದ್ರ ನನ್ನ ಕಡೆ ಕಳಸು."

ಬೆಳಿಗ್ಗೆ ಏಳಕ್ಕೆಲ್ಲ ಇಬ್ಬರೂ ಗುಡ್ಡದ ಬುಡದಲ್ಲಿದ್ದರು. ಡೋಲಿಯ ಕಡೆ ಕಣ್ಣೆತ್ತಿಯೂ ನೋಡದೆ ಕೋಂಡಿಭಾವು ಮೆಟ್ಟಿಲಿಗೆ ಕಾಲಿಟ್ಟ. ಹೆಗಲ ಮೇಲೆ ಭಾರವಿಲ್ಲದೆ ಹತ್ತುವ ರೂಢಿಯೇ ಅವನ ಮೈಗಿರಲಿಲ್ಲ, ಬಲಕ್ಕೆ ಬಾಗಿಯೇ ಹತ್ತಿದ. ನಲವತ್ತು ಮೆಟ್ಟಿಲಾಗುವಷ್ಟರಲ್ಲಿ ಮೊಣಕಾಲೊಳಗೆ ಕಟಕ್ಕೆಂದಿತು. ಗೋಡೆ ಹಿಡಿದು ಕೂತುಬಿಟ್ಟ. ಛಾಯಾ ಮೊಣಕಾಲು ಒತ್ತಿ ನೋಡಿದಳು. "ಬಾಬಾ, ಸಾಕು. ಇನ್ನ ಒಂದ ಮೆಟ್ಟಲಾ ಹತ್ತಿದ್ರ ಮದಿವ್ಯಾಗ ನಿಮ್ಮನ್ನ ಕುರ್ಚಿ ಮ್ಯಾಲೆ ತರಬೇಕಾಗ್ತೈತಿ."

ಕೆಳಗಿನಿಂದ ಗೇಣು ಮತ್ತು ಉಳಿದ ಮೂವರು ಖಾಲಿ ಡೋಲಿ ಹಿಡಿದು ಬಂದರು.

"ಕುಂದ್ರು."

"ಕುಂದ್ರಂಗಿಲ್ಲೋ. ಹರಕಿ ನಂದು. ನಿಮ್ಮ ಬೆವರಿನಾಗ ಹೋದ್ರ ಅದು ನನ್ನ ಹರಕಿ ಹ್ಯಾಂಗ ಆಗತೈತಿ?"

ಗೇಣುವಿಗೆ ಸಿಟ್ಟೇ ಬಂತು. "ಹಂಗಾರ ಇಪ್ಪತ್ತಾರು ವರ್ಷ ನಾವು ಹೊತ್ತಾವ್ರ ಹರಕಿ ಎಲ್ಲಾ ಸುಳ್ಳೇನೋ? ಡೋಲ್ಯಾಗ ಕುಂತು ನಾಚಿ ಅಳೋ ಮುದುಕ್ಯಾರಿಗೆ ಏನ ಹೇಳ್ತಿದ್ದಿ ನೀನು? 'ಆಜೀ, ಹ್ಯಾಂಗ ಬಂದೀ ಅಂತ ಬಾಪ್ಪಾ ಕೇಳಂಗಿಲ್ಲ, ಬಂದ್ಯಲ್ಲಾ ಅಂತಾನ,' ಹಿಂಗ ಅಂತಿದ್ದಿಲ್ಲೋ? ಅವ್ರಿಗೊಂದು ನಿನಗೊಂದು ದೇವ್ರ ಅದಾನೇನು?"

ಆ ಮಾತನ್ನು ಕೋಂಡಿಭಾವು ಲೆಕ್ಕವಿಲ್ಲದಷ್ಟು ಸಲ ಹೇಳಿದ್ದ, ನಂಬಿಯೇ ಹೇಳಿದ್ದ. ತನಗೂ ಅದು ಸಲ್ಲುತ್ತದೆಂದು ಮಾತ್ರ ಎಂದೂ ತೋಚಿರಲಿಲ್ಲ. ಮೆಲ್ಲಗೆ ಎದ್ದು ಡೋಲಿಯಲ್ಲಿ ಕೂತ.

ಬಿದಿರು ಎದ್ದಿತು. ನೆಲ ಕೆಳಗಿಳಿಯಿತು. ಅವನು ಹೆದರಿ ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡ.

"ಸುಮ್ನ ಕುಂದ್ರೋ, ವಾಲಬ್ಯಾಡ," ಎಂದು ಗೇಣು ಗದರಿದ. "ಮಗಾ, ಗರಿಕಿ ಮಾರಿ ಮಾರಿ ದಪ್ಪ ಆಗೀಯಲ್ಲೋ!"

ಹೊರುವವನಿಗೆ ಕಾಣುವುದು ಮುಂದಿನ ಮೆಟ್ಟಿಲೊಂದೇ. ಕೂತವನಿಗೆ ಏನು ಕಾಣುತ್ತದೆಂದು ಕೋಂಡಿಭಾವು ಅಂದು ನೋಡಿದ. ಕೆಳಗೆ ಈರುಳ್ಳಿಯ ಹೊಲ, ದ್ರಾಕ್ಷಿಯ ಚಪ್ಪರ, ದೂರದಲ್ಲಿ ಎಳೆಬಿಸಿಲಿಗೆ ಮಿರುಗುವ ಕುಕಡಿ ಹೊಳೆ. ಇಷ್ಟು ಚೆಂದದ ಸೀಮೆಯಲ್ಲಿ ಹುಟ್ಟಿದ್ದೇನೆಂದು ಯಾರೂ ಹೇಳಿರಲಿಲ್ಲವಲ್ಲ ಎಂದುಕೊಂಡ. ಆಮೇಲೆ ಕಣ್ಣು ಹತ್ತಿರಕ್ಕೆ ಬಂತು. ಎದುರಿಗಿದ್ದ ಗೇಣುವಿನ ಕತ್ತು, ಅದರ ಮೇಲೆ ಹರಿಯುವ ಬೆವರು, ಅಂಗಿಯ ಹರಿದ ಕಾಲರು. ಈ ಕತ್ತಿನ ಪಕ್ಕದಲ್ಲಿ ಅವನು ಇಪ್ಪತ್ತಾರು ವರ್ಷ ನಡೆದಿದ್ದ. ದೇವರೆದುರು ನೆನೆಯಬೇಕಾದ ಉಪಕಾರ ಒಂದೇ ಎಂದುಕೊಂಡು ಬಂದಿದ್ದ, ದಾರಿಯಲ್ಲೇ ಅದು ನಾಲ್ಕೈದಾಯಿತು.

ಮೇಲೆ ಡೋಲಿ ಇಳಿಯಿತು. ನಾಲ್ವರೂ ಕೊನೆಯ ಮೆಟ್ಟಿಲು ಮುಟ್ಟಿ ಹಣೆಗೆ ಹಚ್ಚಿಕೊಂಡು, ನೆರಳಿಗೆ ಕುಕ್ಕರಿಸಿ, ತಂಬಾಕಿನ ಡಬ್ಬಿ ತೆಗೆದರು. ಮಗಳ ಹೆಗಲು ಹಿಡಿದು ಎರಡು ಹೆಜ್ಜೆ ಇಟ್ಟ ಕೋಂಡಿಭಾವು ನಿಂತ.

"ಏಳ್ರಿ."

"ಎಲ್ಲಿಗೆ?"

"ಒಳಗ. ನೀವೂ ಬರ್ರಿ. ಎಷ್ಟ ವರ್ಷ ಆತೋ ಗೇಣ್ಯಾ, ನೀ ಒಳಗ ಹೋಗಿ?"

ಗೇಣು ಬೆರಳು ಮಡಚಿದ, ಬಿಚ್ಚಿದ, ತಲೆ ಕೆರೆದುಕೊಂಡ. "ಡೋಲಿ ಯಾರ ಕಾಯ್ತಾರ?"

"ಹರೀಲಿ ಬಿಡೋ ಮಂಗ್ಯಾ. ಹೊಸಾ ಗಾದಿ ನಾ ಹೊಲಸಿ ಕೊಡ್ತೀನಿ."

ಡಬ್ಬಿ ಜೇಬಿಗೆ ಹೋಯಿತು. ಐವರು ಗಂಡಸರು, ಒಬ್ಬ ಹುಡುಗಿ ಆ ಕಂಬವಿಲ್ಲದ ದೊಡ್ಡ ಗುಹೆಯೊಳಕ್ಕೆ ಹೋದರು. ಬಂಡೆಯಲ್ಲೇ ಮೂಡಿದ ಕೆಂಪು ಗಣಪತಿಯ ಮೇಲೆ ಬಾಗಿಲಿಂದ ಬೆಳಕು ಬಿದ್ದಿತ್ತು. ಕೋಂಡಿಭಾವು ಮಗಳನ್ನು ಮಗ್ಗುಲಲ್ಲಿ ನಿಲ್ಲಿಸಿಕೊಂಡು ಗರಿಕೆಯ ಕಟ್ಟನ್ನು ಏರಿಸಿದ. ಹದಿನೆಂಟು ವರ್ಷದಿಂದ ಕೂಡಿಟ್ಟ ಮಾತುಗಳಿದ್ದವು, ಒಂದೂ ನೆನಪಿಗೆ ಬರಲಿಲ್ಲ. "ಬಾಪ್ಪಾ, ನೋಡು, ಎಷ್ಟ ದೊಡ್ಡಾಕಿ ಆಗ್ಯಾಳ," ಎಂದಷ್ಟೇ ಅಂದು, ಎಲ್ಲರೆದುರು ಸಣ್ಣ ಮಕ್ಕಳ ಹಾಗೆ ಅತ್ತ. ಛಾಯಾಳೂ ಅತ್ತಳು.

ಅವರ ಹಿಂದೆ ಗೇಣು ಹೆಗಲ ವಸ್ತ್ರ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕೈಜೋಡಿಸಿ, ಹೊಸ ಊರಿಗೆ ಬಂದವನಂತೆ ಅಳುಕುತ್ತ ನಿಂತಿದ್ದ.

"ಬಾಪ್ಪಾ, ನಾ ಗೇಣು," ಎಂದು ಅವನು ಮೆಲ್ಲಗೆ ಹೇಳುತ್ತಿದ್ದ. "ಇಲ್ಲೇ ಹೊರಗ ಕುಂತಿರ್ತೀನಲ್ಲಾ, ಅಂವಾ."